ರೂಬಿಯ ಮರಳು ಡಬ್ಬಿ

ಬಾಗಲಕೋಟೆ
14-6-1979

ಅಕ್ಕಾ,

ಈ ಸಲ ಹೇಳಲು ಸುದ್ದಿ ಇದೆ. ಸೋಮವಾರದಿಂದ ನನ್ನನ್ನು ಕಚೇರಿಯಿಂದ ತೆಗೆದು ಸಾಹೇಬರ ಮನೆಯ ಕೆಲಸಕ್ಕೆ ಹಾಕಿದ್ದಾರೆ. ಇನ್ನೂ ದಿನಗೂಲಿ ಜವಾನನೇ. ಆದರೆ ನಮ್ಮ ಹೆಡ್‌ಕ್ಲಾರ್ಕ್ ಲಕ್ಷ್ಮಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನಸೀಬ ಖುಲಾಯಿಸ್ತಲೇ ನಿಂದು. ಮಾರ್ಚದೊಳಗ ಸಾಹೇಬ್ರು ಒಂದು ಸಾಲು ಬರದ್ರಂದ್ರ ನೀ ಖಾಯಂ ಜವಾನ. ಮನಿಯೊಳಗ ಬಾಯಾರ ಮನಸು ಮುರೀಬ್ಯಾಡ, ಅಷ್ಟ."

ಮನೆ ಹಳೆಯ ಊರಿನಲ್ಲಿ, ಕಿಲ್ಲಾದ ಹತ್ತಿರ. ಕೆಳಗೆ ಅಂಗಡಿ, ಮೇಲೆ ಸಾಹೇಬರು. ಅಂಗಳವಿಲ್ಲ, ಹಿತ್ತಿಲೂ ಇಲ್ಲ. ಮೆಟ್ಟಿಲು ಇಳಿದರೆ ನೇರ ಬೀದಿ. ಬೆಳಗ್ಗೆ ಏಳಕ್ಕೆ ಹೋಗುತ್ತೇನೆ. ಕಚೇರಿಯ ಕಾಗದಗಳನ್ನು ತಲುಪಿಸುವುದು, ಪೇಟೆಯಿಂದ ಕಾಯಿಪಲ್ಯ ತರುವುದು, ಬಂದವರಿಗೆ ನೀರು ಕೊಡುವುದು, ಇಷ್ಟೇ ಕೆಲಸ. ಹಿಂದಿನ ದಿನದ ಪೇಪರುಗಳನ್ನು ಓದಲು ಕೊಡುತ್ತಾರೆ. ಎರಡು ಪೇಪರು ತರಿಸುತ್ತಾರೆ. ನಾನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತೇನೆ.

ಸಾಹೇಬರಿಗೂ ಅವರ ಹೆಂಡತಿ ಬಾಯಾರಿಗೂ ಮಕ್ಕಳಿಲ್ಲ. ಒಂದು ನಾಯಿ ಇದೆ. ಪುಣೆಯಿಂದ ತಂದದ್ದಂತೆ. ಪಾಮೇರಿಯನ್ ಎನ್ನುತ್ತಾರೆ. ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಮೈತುಂಬ ಬಿಳಿ ಕೂದಲು. ಹೆಸರು ರೂಬಿ. ಅದು ಮಲಗುವುದು ಅವರ ಗಾದಿಯ ಮೇಲೆ. ಬಾಯಾರು ಬಿಸ್ಕೀಟು ಅರ್ಧ ಕಚ್ಚಿ ಉಳಿದರ್ಧ ಅದರ ಬಾಯಿಗೆ ಇಡುತ್ತಾರೆ, ಅದು ಅವರ ತುಟಿ ನೆಕ್ಕುತ್ತದೆ. ನಾನು ಆಚೆ ಮುಖ ತಿರುಗಿಸುತ್ತೇನೆ. ಲಕ್ಷ್ಮಪ್ಪನವರು ಗುಡೂರಿನವರು, ಕುರಿ ಸಾಕಿದ ಮನೆತನ. ಅವರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಮ್ಮ ಕಡೆ ನಾಯಿ ಕುರಿ ಕಾಯ್ತೈತಿ. ಇಲ್ಲಿ ಮನಿಷಾ ನಾಯಿ ಕಾಯ್ತಾನ!"

ನೀನು ಎಲ್ಲರಿಗೂ ಹೇಳಬಹುದು. ಖಾಯಂ ಆಗುವವರೆಗೆ ಅರ್ಧ ಮಾತ್ರ ಹೇಳು.

ನಿನ್ನ ತಮ್ಮ
ದುರಗಪ್ಪ


ಇಳಕಲ್ಲ
25-6-1979

ತಮ್ಮಾ ದುರಗಪ್ಪ,

ನಿನ್ನ ಪತ್ರವನ್ನು ನಾನೇ ಓದಿದೆ. ನನಗೆ ಅಕ್ಷರ ಕಲಿಸುವ ರಾತ್ರಿ ಶಾಲೆಯ ಮಾಸ್ತರರಿಗೆ ತೋರಿಸಲಿಲ್ಲ. ಇದನ್ನೂ ನಾನೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದು.

ನೀನು ಅರ್ಧ ಹೇಳು ಅಂದೆ. ನಾನು ಪೂರ್ತಿ ಹೇಳಿ ಬಂದೆ. ನೇಕಾರರ ಶಾರವ್ವನ ಮನೆಗೆ ನೂಲು ತರಲು ಹೋದಾಗ ಹೊಸ್ತಿಲ ಹೊರಗೆ ನಿಂತೇ ಹೇಳಿದೆ. ಅವಳು, "ನಿನ್ನ ತಮ್ಮ ಸಾಹೇಬನ ಮನಿಯೊಳಗ ಅದಾನ? ಒಳಗ?" ಎಂದು ಎರಡು ಸಲ ಕೇಳಿದಳು. ಒಳಗೇ ಎಂದೆ. ನಾನು ಸುತ್ತಿದ ಕಂಡಿಕೆಯ ನೂಲನ್ನು ಅವರು ಮಗ್ಗಕ್ಕೆ ಹಾಕಿ ಸೀರೆ ಮಾಡಿ ಮಾರುತ್ತಾರೆ, ಉಡುತ್ತಾರೆ. ನನ್ನನ್ನು ಮಾತ್ರ ಹೊಸ್ತಿಲಲ್ಲಿ ನಿಲ್ಲಿಸುತ್ತಾರೆ. ಇರಲಿ. ನೂಲಾದರೂ ಒಳಗೆ ಹೋಯಿತು, ಈಗ ನೀನೂ ಹೋದೆ.

ಬುಟ್ಟಿ ಕೆಳಗಿಟ್ಟು ಆರು ವರ್ಷವಾಯಿತು. ಅವ್ವ ಮತ್ತು ನಾನು ಈ ಊರಿನ ಸಂಡಾಸುಗಳ ಹೊಲಸನ್ನು ಎಷ್ಟು ವರ್ಷ ತಲೆಯ ಮೇಲೆ ಹೊತ್ತೆವು ಎಂಬುದು ನಿನಗೆ ಗೊತ್ತು. ಸರ್ಕಾರ ತಲೆಯ ಮೇಲೆ ಹೊರುವುದನ್ನು ಬಂದ್ ಮಾಡಿದ ದಿನ ಅವ್ವ ಬುಟ್ಟಿಯನ್ನು ಬಾಗಿಲ ಮುಂದೆ ಸುಟ್ಟಳು. ನೀನು ಮ್ಯಾಟ್ರಿಕ್ ಆಗಿ, ಕಾಗದ ಹೊರುವ ಕೆಲಸ ಹಿಡಿಯಬೇಕು ಎಂಬುದೊಂದೇ ಅವಳ ಬಾಯಲ್ಲಿತ್ತು. ನೋಡಲು ಅವಳಿಲ್ಲ. ನಾನಿದ್ದೇನೆ.

ಒಂದು ಮಾತು ಕೇಳುತ್ತೇನೆ. ಮೇಲಂತಸ್ತಿನ ಮನೆ ಅನ್ನುತ್ತೀ. ಅಂಗಳವಿಲ್ಲ ಅನ್ನುತ್ತೀ. ಆ ನಾಯಿ ಎಲ್ಲಿಗೆ ಹೋಗುತ್ತದೆ?

ಪಂಚಮಿಗೆ ಬಾ. ಎಂದಿನಂತೆ ರೊಟ್ಟಿಯನ್ನು ತಾಟಿನಲ್ಲಿಟ್ಟು ನಾನು ಹೊರಗೆ ಕಟ್ಟೆಗೆ ಕೂಡುತ್ತೇನೆ. ನೀನು ನಿಧಾನವಾಗಿ ಉಣ್ಣು.

ಇಂದ್ರವ್ವ


ಬಾಗಲಕೋಟೆ
2-8-1979

ಅಕ್ಕಾ,

ಪಂಚಮಿಗೆ ಬರಲಾಗಲಿಲ್ಲ. ಇಲ್ಲಿ ಒಂದು ಪೇಚು ಬಂತು.

ರೂಬಿಯನ್ನು ಬೆಳಗ್ಗೆ ಸಂಜೆ ಬೀದಿಗೆ ಇಳಿಸುತ್ತಿದ್ದೆ. ಕಳೆದ ತಿಂಗಳು ಕಿಲ್ಲಾದ ನಾಯಿಗಳು ಮೇಲೆ ಬಿದ್ದವು. ನಾನು ಎತ್ತಿಕೊಳ್ಳುವಷ್ಟರಲ್ಲಿ ಒಂದು ಅದರ ತೊಡೆ ಹರಿದಿತ್ತು. ದವಾಖಾನೆಯಲ್ಲಿ ನಾಲ್ಕು ಹೊಲಿಗೆ ಹಾಕಿದರು. ಅಂದಿನಿಂದ ಅದು ಮೆಟ್ಟಿಲು ಕಂಡರೆ ನಡುಗುತ್ತದೆ. ಬಾಯಾರು ಅಪ್ಪಣೆ ಮಾಡಿದರು: ಇನ್ನು ಮೇಲೆ ನಾಯಿ ಹೊರಗೆ ಹೋಗುವುದಿಲ್ಲ. ಎಲ್ಲ ಒಳಗೆ.

ಎಲ್ಲ ಅಂದರೆ ಎಲ್ಲ. ಮೊದಲು ಬಚ್ಚಲಿನ ಮೂಲೆಯಲ್ಲಿ ಹಳೆಯ ಪೇಪರು ಹಾಸಿದೆವು. ನಾನು ಪೂರ್ತಿ ಓದಿದ ಮೇಲೆಯೇ ಹಾಸುತ್ತಿದ್ದೆ. ರೂಬಿ ಪೇಪರನ್ನು ಹರಿದು ಚೂರು ಮಾಡಿ, ಪಕ್ಕದ ಫರಸಿ ನೆಲದ ಮೇಲೆ ಕೂಡುತ್ತಿತ್ತು. ಒಮ್ಮೆ ಗಾದಿಯ ಮೇಲೆ, ಒಮ್ಮೆ ಸಾಹೇಬರ ಬೂಟಿನೊಳಗೆ. ಸಾಹೇಬರು ಕಾಲು ಹಾಕಿದ ಮೇಲೆಯೇ ತಿಳಿದದ್ದು. ಮಾಡಿದ್ದರಲ್ಲಿ ಅದರ ಮೂಗು ತಿಕ್ಕಬೇಕು ಎಂದು ಯಾರೋ ಹೇಳಿದರು. ತಿಕ್ಕಿದರೆ ಅದು ಕದ್ದು ಕಪಾಟಿನ ಹಿಂದೆ ಮಾಡತೊಡಗಿತು. ಮೂರು ದಿನ ಮನೆಯೆಲ್ಲ ಹುಡುಕಿದೆವು. ನಾಲ್ಕನೆಯ ದಿನ ಮೂಗೇ ದಾರಿ ತೋರಿಸಿತು.

ಈಗ ಚಿಮಣಿ ಎಣ್ಣೆಯ ಡಬ್ಬಿಯನ್ನು ಉದ್ದಕ್ಕೆ ಕತ್ತರಿಸಿ, ಅಂಚು ಬಡಿದು, ಘಟಪ್ರಭೆಯ ಮರಳು ತುಂಬಿ ಬಚ್ಚಲಲ್ಲಿ ಇಟ್ಟಿದ್ದೇನೆ. ಲೆಕ್ಕ ಹಿಡಿದು ನೋಡಿದೆ. ತಿಂದ ಕಾಲು ತಾಸಿಗೆ ಅದಕ್ಕೆ ಬರುತ್ತದೆ. ಮೊದಲು ನೆಲ ಮೂಸುತ್ತದೆ, ಆಮೇಲೆ ತನ್ನ ಸುತ್ತ ತಾನೇ ತಿರುಗುತ್ತದೆ. ತಿರುಗಿದ ಕೂಡಲೇ ಎತ್ತಿ ಡಬ್ಬಿಯಲ್ಲಿ ಬಿಡಬೇಕು. ಅಲ್ಲಿ ಮಾಡಿದರೆ ಬಿಸ್ಕೀಟು. ಹತ್ತಕ್ಕೆ ಆರು ಸಲ ಸರಿಯಾಗುತ್ತಿದೆ.

ಅದನ್ನು ತೆಗೆಯುವವಳು ಮಾಬುಬಿ. ಈ ಮನೆಯಲ್ಲಿ ಭಾಂಡಿ ತೊಳೆದು ನೆಲ ಒರೆಸುವ ಹೆಂಗಸು. ಪಾಪ, ವಾಸನೆಗೆ ಸಾಕಾಗಿದ್ದಾಳೆ. ಮರಳು ದಿನವೂ ಬದಲಿಸಿದರೂ ಹೋಗುವುದಿಲ್ಲ. ಪೂರ್ತಿ ಬದಲಿಸಿದರೆ ನಾಯಿ ಡಬ್ಬಿಯನ್ನೇ ಮರೆಯುತ್ತದೆ. ನೀವು ಆಗ ಬುಟ್ಟಿಗೆ ಏನು ಹಾಕುತ್ತಿದ್ದಿರಿ? ಮಾಬುಬಿಗೆ ಹೇಳುತ್ತೇನೆ.

ದುರಗಪ್ಪ


ಇಳಕಲ್ಲ
16-8-1979

ದುರಗಪ್ಪ,

ಮಾಬುಬಿಗೆ ಹೀಗೆ ಹೇಳು.

ಕಟ್ಟಿಗೆಯ ಬೂದಿ ಬೇಡ, ಸಗಣಿ ಕುಳ್ಳಿನ ಬೂದಿ ಬೇಕು. ಜರಡಿ ಹಿಡಿಯಬೇಕು. ತಳಕ್ಕೆ ಎರಡು ಬೆರಳು ಬೂದಿ, ಅದರ ಮೇಲೆ ಮರಳು. ಮಾಡಿದ ತಕ್ಷಣ ಮೇಲೊಂದು ಹಿಡಿ ಬೂದಿ. ಆರಿದ ಮೇಲೆ ತೆಗೆಯಬೇಕು, ಹಸಿಯಾಗಿದ್ದಾಗ ಕೈ ಹಾಕಬಾರದು. ಹಸಿಯದು ಅಂಟುತ್ತದೆ, ವಾಸನೆ ಉಗುರಿನೊಳಗೆ ಹೋಗುತ್ತದೆ. ಹಳೆಯ ಮರಳು ಒಂದು ಬೊಗಸೆ ಉಳಿಸಿದರೆ ನಾಯಿಗೆ ತನ್ನ ಜಾಗ ಗೊತ್ತಾಗುತ್ತದೆ. ಡಬ್ಬಿಗೆ ವಾರಕ್ಕೊಮ್ಮೆ ಸುಣ್ಣದ ನೀರು. ಕೆಲಸಕ್ಕೆ ಮೊದಲು ಬಾಯಲ್ಲಿ ಎಲೆ ತಂಬಾಕು ಇರಬೇಕು. ಅವ್ವ ಚಟಕ್ಕೆ ಹಾಕುತ್ತಾಳೆ ಎಂದು ನೀನು ಬೈಯುತ್ತಿದ್ದೆ. ಬಾಯಲ್ಲಿ ತಂಬಾಕಿದ್ದರೆ ಮೂಗು ಅರ್ಧ ಸಾಯುತ್ತದೆ. ಅದಕ್ಕೆ ಹಾಕುತ್ತಿದ್ದಳು.

ಮಾಬುಬಿಗೆ ಹೇಳುವುದು ಮುಗಿಯಿತು. ಈಗ ನಿನಗೆ.

ನಾನು ಎಷ್ಟೋ ಮನೆಗಳ ಹಿಂದಿನ ಬಾಗಿಲು ಕಂಡಿದ್ದೇನೆ. ಯಾವ ಮನೆಯವರೂ ಭಾಂಡಿ ತೊಳೆಯುವ ಕೈಯಿಂದ ಹೇಲು ತೆಗೆಸುವುದಿಲ್ಲ. ತಾವು ಉಣ್ಣುವ ಗಂಗಾಳ ಅದು. ತೆಗೆಯುವ ಕೈ ಬೇರೆಯೇ ಇರಬೇಕು. ಎಷ್ಟೇ ಶ್ರೀಮಂತರಿರಲಿ, ಎಷ್ಟೇ ಬಡವರಿರಲಿ, ಇದೊಂದನ್ನು ಯಾರೂ ತಪ್ಪಿಸುವುದಿಲ್ಲ.

ಮಾಬುಬಿ ಆ ಮನೆಯ ಭಾಂಡಿ ತೊಳೆಯುತ್ತಾಳೆ ಎಂದು ನೀನೇ ಬರೆದಿದ್ದೀ.

ಹಾಗಾದರೆ ತೆಗೆಯುತ್ತಿರುವ ಕೈ ಯಾರದು?

ಇಂದ್ರವ್ವ


ಬಾಗಲಕೋಟೆ
9-9-1979

ಅಕ್ಕಾ,

ನನ್ನದು.

ಮೂರು ವಾರ ತಡ ಮಾಡಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಡಬ್ಬಿ ಇಟ್ಟ ಮೊದಲ ದಿನ ಬಾಯಾರು ಮಾಬುಬಿಗೇ ಹೇಳಿದರು. ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಭಾಂಡಿ ತೊಳಿಯೂ ಕೈ ಇದು, ಬಾಯಾರ. ನಾಯಿ ಹೇಲು ಬಳದು ಬಂದು ನಿಮ್ಮ ಗಂಗಾಳಾ ತೊಳಿಲ್ಯಾ? ಉಣ್ತೀರೇನು?" ಬಾಯಾರು ಅವಳ ಕೈ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ. ಸಕ್ಕರೆ ತಾ ಎಂದು ಹೇಳುವ ದನಿಯಲ್ಲೇ, "ದುರಗಪ್ಪ, ನೀನ ತಗೀಪಾ. ನಿಮ್ಮ ಮಂದಿಗೆ ರೂಢಿ ಇರ್ತದಲ್ಲ," ಎಂದರು.

ನನ್ನ ಜಾತಿ ಸರ್ಟಿಫಿಕೇಟು ಕಚೇರಿಯ ಫೈಲಿನಲ್ಲಿದೆ. ಅಲ್ಲಿಂದ ತಿಳಿದಿರಬೇಕು. ಮಾಬುಬಿ ತಲೆ ತಗ್ಗಿಸಿ ಒಳಗೆ ಹೋದಳು. ನನಗೆ ಮಾರ್ಚ್ ತಿಂಗಳು ಕಣ್ಣ ಮುಂದೆ ಬಂತು. ಬಗ್ಗಿದೆ.

ನನಗೆ ರೂಢಿ ಇಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಸಣ್ಣ ನಾಯಿ, ಬೆರಳು ಗಾತ್ರದ್ದು ಮಾಡುತ್ತದೆ. ಆದರೂ ಅದು ಬೆಚ್ಚಗಿರುತ್ತದೆ. ತಗಡಿನ ತುಂಡಿನ ಮೇಲೆ ಬಂದಾಗ ಅದರ ಬಿಸಿ ಬೆರಳಿಗೆ ತಿಳಿಯುತ್ತದೆ. ಹಾಲು ಹೆಚ್ಚಾದ ದಿನ ತೆಳ್ಳಗೆ ಹಳದಿಯಾಗಿ ಮರಳಿನ ಪಕ್ಕದಲ್ಲಿ ಹರಿದಿರುತ್ತದೆ, ಬಟ್ಟೆಯಿಂದ ಒರೆಸಬೇಕು. ಮೊದಲ ದಿನ ಬಚ್ಚಲಲ್ಲೇ ವಾಂತಿಯಾಯಿತು. ಅದನ್ನೂ ನಾನೇ ತೊಳೆದೆ. ಕೈಗೆ ಸಾಬೂನು ಹಚ್ಚಿದೆ, ಚಿಮಣಿ ಎಣ್ಣೆ ಹಚ್ಚಿದೆ, ನಿಂಬೆಹಣ್ಣು ತಿಕ್ಕಿದೆ. ಖಾನಾವಳಿಯಲ್ಲಿ ರೊಟ್ಟಿ ಮುರಿದು ಬಾಯಿಯ ಹತ್ತಿರ ತಂದರೆ ವಾಸನೆ ಅಲ್ಲೇ ಇರುತ್ತದೆ. ಈಗ ಚಮಚೆಯಿಂದ ಅನ್ನ ಮಾತ್ರ ತಿನ್ನುತ್ತೇನೆ. "ಸಾಹೇಬ ಆದ್ಯಾ?" ಎಂದು ಎಲ್ಲರೂ ನಗುತ್ತಾರೆ. ನಿನ್ನ ಬೂದಿಯ ಉಪಾಯಕ್ಕೆ ಕುಳ್ಳಿನ ಬೂದಿಯನ್ನು ಅದೇ ಖಾನಾವಳಿಯ ಒಲೆಯಿಂದ ಒಯ್ಯುತ್ತೇನೆ. ಯಾಕೆಂದು ಅವರಿಗೆ ಹೇಳಿಲ್ಲ.

ನಾಯಿಯದೇನೂ ತಪ್ಪಿಲ್ಲ. ನನ್ನನ್ನು ಕಂಡರೆ ಬಾಲ ಅಲ್ಲಾಡಿಸುತ್ತದೆ. ಅದೂ ಹೇಸಿಗೆ ತರಿಸುತ್ತದೆ.

ನೀವು ಹೇಗೆ ಉಣ್ಣುತ್ತಿದ್ದಿರಿ, ಅಕ್ಕಾ?

ಮಾರ್ಚ್ ತನಕ ಮಾತ್ರ. ಸಾಹೇಬರು ಆ ಒಂದು ಸಾಲು ಬರೆದರೆ ಕಚೇರಿಗೆ ಹಿಂತಿರುಗುತ್ತೇನೆ. ಸಿಟ್ಟಾಗಬೇಡ. ಪತ್ರ ಬರೆ.

ದುರಗಪ್ಪ


ಬಾಗಲಕೋಟೆ
18-12-1979

ಅಕ್ಕಾ,

ದಸರೆಗೆ ಬರೆದೆ, ದೀಪಾವಳಿಗೆ ಬರೆದೆ. ನಿನ್ನಿಂದ ಒಂದು ಕಾರ್ಡೂ ಇಲ್ಲ. ಇಳಕಲ್ಲ ಬಸ್ಸಿನ ಕಂಡಕ್ಟರನ ಹತ್ತಿರ ವಿಚಾರಿಸಿದೆ. ಕಟ್ಟೆಯ ಮೇಲೆ ಕೂತು ಕಂಡಿಕೆ ಸುತ್ತುತ್ತಿದ್ದಾಳೆ ಎಂದ. ಅಷ್ಟು ತಿಳಿದು ಸಮಾಧಾನವಾಯಿತು.

ರೂಬಿ ಕಲಿತಿತು. ನವೆಂಬರಿನಿಂದ ಒಮ್ಮೆಯೂ ತಪ್ಪಿಲ್ಲ. ತಾನೇ ಹೋಗುತ್ತದೆ, ಮಾಡುತ್ತದೆ, ಕಾಲಿನಿಂದ ಮರಳು ಎಳೆಯುತ್ತದೆ, ಆಮೇಲೆ ಬಂದು ನನ್ನ ಮುಂದೆ ಬಿಸ್ಕೀಟಿಗೆ ಕೂಡುತ್ತದೆ. ತೆಗೆಯಲು ಹೋಗು ಎಂದು ಹೇಳಿ ಕಳಿಸಿದ ಹಾಗೆ.

ಹೋದ ಭಾನುವಾರ ಬಾದಾಮಿಯಿಂದ ಬೇರೊಬ್ಬ ಸಾಹೇಬರು, ಅವರ ಹೆಂಡತಿ ಊಟಕ್ಕೆ ಬಂದಿದ್ದರು. ಊಟವಾದ ಮೇಲೆ ಬಾಯಾರು ಎಲ್ಲರನ್ನೂ ಬಚ್ಚಲಿನ ಬಾಗಿಲಿಗೆ ಕರೆದರು. ಕೈಯಲ್ಲಿ ಇನ್ನೂ ಎಲೆ ಅಡಿಕೆ. ರೂಬಿಗೆ ಹಾಲು ಕುಡಿಸಿ ಕಾಲು ತಾಸು ಕಾದರು. ಅದು ಹೋಗಿ ಡಬ್ಬಿಯಲ್ಲಿ ಕೂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಬಾಯಾರು, "ದುರಗಪ್ಪ, ತಗದು ತೋರಸು, ಎಷ್ಟು ಸ್ವಚ್ಛ ತಗೀತಿ," ಎಂದರು. ನಾಲ್ಕು ಜನ ನೋಡುತ್ತಿರುವಾಗ ಬೂದಿ ಹಾಕಿ ತೆಗೆದು ತೋರಿಸಿದೆ. ಬಾದಾಮಿಯ ಬಾಯಾರು ಸೆರಗು ಮೂಗಿಗೆ ಹಿಡಿದುಕೊಂಡೇ, "ಏನ ಕೈಗುಣರೀ ಇವನದು! ನಮ್ಮ ಮನಿಗೆ ಒಂದು ತಿಂಗಳು ಕಳಸ್ರಿ, ನಮ್ಮ ಮರಿಗೂ ಕಲಸಲಿ," ಎಂದರು. ಎಲ್ಲರೂ ಹೊಗಳಿದರು. ಹೊಗಳುವಾಗ ಒಬ್ಬರೂ ನನ್ನ ಹತ್ತಿರ ನಿಲ್ಲಲಿಲ್ಲ.

ಮ್ಯಾಟ್ರಿಕ್ ಪಾಸಾದ ದಿನವೂ ನನಗೆ ಇಷ್ಟು ಹೊಗಳಿಕೆ ಸಿಕ್ಕಿರಲಿಲ್ಲ.

ನಾನು ಹೊರಡುವಾಗ ನಮ್ಮ ಸಾಹೇಬರು ಹೇಳಿದರು: "ನಿಂದು ಬರದೇನಿ. ಫೈಲು ಮ್ಯಾಲ ಹೋಗೇದ." ಅದಕ್ಕಾಗಿಯೇ ಈ ಪತ್ರ.

ದುರಗಪ್ಪ


ಇಳಕಲ್ಲ
2-1-1980

ದುರಗಪ್ಪ,

ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಆರ್ಡರು ಬಂದಾಗ ಸಹಿ ಮಾಡುವ ಮೊದಲು ಪೂರ್ತಿ ಓದು. ಪೇಪರು ಓದುವ ಹಾಗೆ, ಮೊದಲಿನಿಂದ ಕೊನೆಯವರೆಗೆ. ಓದಿ ನನಗೆ ತಿಳಿಸು.

ಇಂದ್ರವ್ವ


ಬಾಗಲಕೋಟೆ
3-3-1980

ಅಕ್ಕಾ,

ಆರ್ಡರು ಬಂದಿದೆ. ನೀನು ಹೇಳಿದ ಹಾಗೆ ಓದಿದೆ. ಎರಡು ಸಲ ಓದಿದೆ.

ನನ್ನನ್ನು ಖಾಯಂ ಮಾಡಿದ್ದಾರೆ. ಜವಾನ ಎಂದು ಅಲ್ಲ. "ಜಾಡಮಾಲಿ ಹುದ್ದೆಗೆ" ಎಂದಿದೆ. ಕಸ ಗುಡಿಸುವುದು, ಕಚೇರಿಯ ಮತ್ತು ವಸತಿಗೃಹಗಳ ಸಂಡಾಸು ತೊಳೆಯುವುದು. ಮೂರನೆಯ ಸಾಲಿನಲ್ಲಿ ಕಾರಣವನ್ನೂ ಟೈಪು ಮಾಡಿದ್ದಾರೆ: "ಸದರಿಯವರು ಈ ಬಗೆಯ ಕೆಲಸದಲ್ಲಿ ವಿಶೇಷ ಅನುಭವ ಮತ್ತು ಕೌಶಲ ಹೊಂದಿದ್ದು." ಮಾರ್ಚ್ ತನಕ ಕಾದ ಒಂದು ಸಾಲು ಇದೇ.

ನಾನು ಕೇಳಿದೆ. ಸಾಹೇಬರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ನನಗೆ ಉಪಕಾರ ಮಾಡಿದ್ದೇನೆಂದೇ ಅವರು ತಿಳಿದಿದ್ದಾರೆ. "ಜವಾನಂದು ಜಾಗಾ ಖಾಲಿ ಇಲ್ಲೋ. ಇದು ಖಾಲಿ ಇತ್ತು. ಖಾಯಂ ಅಂದ್ರ ಖಾಯಂ, ಪೆನ್ಶನ್ ಅದ, ಇರಾಕ ಖೋಲಿ ಅದ. ಹೆಸರಿನಾಗ ಏನದ?"

ಲಕ್ಷ್ಮಪ್ಪನವರು ನನ್ನ ಮುಖ ನೋಡಲಿಲ್ಲ. ಕಾಗದದ ಮೇಲೆ ಪಿನ್ನು ಚುಚ್ಚುತ್ತ, "ಕೆಟ್ಟ ಅನಸ್ತತಿ, ದುರಗಪ್ಪ. ಒಮ್ಮೆ ಆ ಹುದ್ದೆಕ ಸಹಿ ಮಾಡಿದಂದ್ರ ಜವಾನಕಿಗೆ ಯಾರೂ ತಿರುಗಿ ತಗೊಳ್ಳಂಗಿಲ್ಲ. ಇಪ್ಪತ್ತು ವರ್ಷದಾಗ ನಾ ನೋಡಿಲ್ಲ," ಎಂದರು. ಫೈಲಿನ ದಾರ ಕಟ್ಟುತ್ತ, "ಸಹಿ ಮಾಡ್ಲಿಲ್ಲಂದ್ರ ಇರೂ ದಿನಗೂಲಿನೂ ಹೋಗತೈತಿ," ಎಂದರು.

ಹದಿನೈದು ದಿನ ಸಮಯವಿದೆ. ಖೋಲಿಗೆ ಹೆಂಚಿನ ಮಾಡು, ಮುಂದೆ ನಳ. ನಿನ್ನನ್ನು ಕರೆದುಕೊಂಡು ಬಂದು ಇಡಬಹುದು. ನಾಯಿಯ ಡಬ್ಬಿ ಏಳು ತಿಂಗಳು ಎತ್ತಿದ ಕೈಗೆ ಮತ್ತೇನು ಎಂದು ಒಂದು ಸಲ ಅನ್ನಿಸುತ್ತದೆ. ಈಗೀಗ ಮೊದಲಿನಷ್ಟು ವಾಸನೆ ಬರುವುದಿಲ್ಲ, ಅಕ್ಕಾ. ನಿನ್ನೆ ಡಬ್ಬಿ ಎತ್ತಿ ಬಂದು, ಕೈಗೆ ನೀರು ಮಾತ್ರ ಹಾಕಿಕೊಂಡು ರೊಟ್ಟಿ ತಿಂದೆ. ತಿಂದು ಮುಗಿದ ಮೇಲೆ ನೆನಪಾಯಿತು. ಅದಕ್ಕೆ ಹೆದರಿಕೆಯಾಗಿದೆ.

ನನ್ನನ್ನು ಇಲ್ಲಿಯ ತನಕ ತಂದವಳು ನೀನು. ನೀನೇ ಹೇಳು.

ದುರಗಪ್ಪ


ಇಳಕಲ್ಲ
8-3-1980

ತಮ್ಮಾ ದುರಗಪ್ಪ,

ಮೊದಲು, ಸಹಿ ಮಾಡು ಎಂದು ಬರೆದೆ. ಸುಳ್ಳು ಹೇಳುವುದಿಲ್ಲ. ಹೆಂಚಿನ ಮಾಡು, ಬಾಗಿಲ ಮುಂದೆ ನಳ. ಈ ಮನೆ ಪ್ರತಿ ಮಳೆಗೂ ಸೋರುತ್ತದೆ. ಬರೆದು ಮಡಚಿದೆ. ಅಂಚೆ ಪೆಟ್ಟಿಗೆಯ ತನಕ ಹೋಗಿ ತಿರುಗಿ ಬಂದೆ.

ನಾವಿಬ್ಬರೂ ಎಂದೂ ಆಡದ ಒಂದು ಮಾತಿದೆ. ಈಗ ಆಡುತ್ತೇನೆ.

ನೀನು ಆಗ ಐದನೆಯ ಇಯತ್ತೆ. ಶ್ರಾವಣದ ಮಳೆ. ನಾನು ನಿಮ್ಮ ಶಾಲೆಯ ಮುಂದಿನಿಂದ ಬುಟ್ಟಿ ಹೊತ್ತು ಹೋಗುತ್ತಿದ್ದೆ. ಮಳೆ ಬಂದರೆ ಬುಟ್ಟಿ ಸೋರುತ್ತದೆ. ಹಣೆಯ ಮೇಲೆ, ಕಿವಿಯ ಹಿಂದೆ ಇಳಿಯುತ್ತದೆ. ಎರಡೂ ಕೈ ಬುಟ್ಟಿಗೆ ಇರುವುದರಿಂದ ಒರೆಸಿಕೊಳ್ಳಲು ಬರುವುದಿಲ್ಲ. ನೀನು ಗೆಳೆಯರ ಜೊತೆ ಗೇಟಿನಲ್ಲಿ ನಿಂತಿದ್ದೆ. ಅವರೆಲ್ಲ ಮೂಗು ಹಿಡಿದರು. ನೀನೂ ಹಿಡಿದೆ. ಅವರು ಉಗುಳಿದರು. ನೀನೂ ಉಗುಳಿದೆ. ಆಮೇಲೆ ನನ್ನನ್ನು ನೋಡಿದೆ.

ಅಂದಿನಿಂದ ನನ್ನ ಕೈಯಿಂದ ನೀನು ರೊಟ್ಟಿ ತೆಗೆದುಕೊಳ್ಳಲಿಲ್ಲ. ನಾನು ತಾಟಿನಲ್ಲಿಟ್ಟು ಆಚೆ ಹೋದರೆ, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ. ಈಗ ನಿನಗೆ ಇಪ್ಪತ್ತಮೂರು. ಇನ್ನೂ ಹಾಗೆಯೇ ಇದೆ.

ಅಂದು ನಾನು ಅವ್ವನ ಮುಂದೆ ಅತ್ತೆ. ಅವ್ವ ಅಳಲಿಲ್ಲ. ತಂಬಾಕು ಉಗುಳಿ ಬಂದು ಹೇಳಿದಳು: "ಹೇಸಿಗಿ ಬಂತಲ್ಲ ಅವಗ. ಛಲೋ ಆತು. ನನಗ ಬರಲಿಲ್ಲ, ನಿನಗ ಬರಲಿಲ್ಲ, ಅದಕ್ಕ ಹೊತ್ತೀವಿ. ಹೇಸಿಗಿ ಬಂದಾವ ಈ ಬುಟ್ಟಿ ಹೊರಂಗಿಲ್ಲ."

ನೀವು ಹೇಗೆ ಉಣ್ಣುತ್ತಿದ್ದಿರಿ ಎಂದು ಕೇಳಿದ್ದೀ. ಹೀಗೇ. ನೀನು ಮೊನ್ನೆ ಉಂಡೆಯಲ್ಲ, ಹಾಗೆ. ಒಂದು ದಿನ ವಾಸನೆ ಬರುವುದು ನಿಲ್ಲುತ್ತದೆ. ಮೈ ಒಗ್ಗುತ್ತದೆ. ಆಮೇಲೆ ಊರವರೆಲ್ಲ ಇವರಿಗೆ ರೂಢಿ ಇದೆ ಅನ್ನುತ್ತಾರೆ. ರೂಢಿ ಹುಟ್ಟಿನಿಂದ ಬಂದದ್ದಲ್ಲ. ನನಗೆ ಮೂರು ತಿಂಗಳು ಹಿಡಿಯಿತು. ನಿನಗೆ ಏಳು ಹಿಡಿದಿದೆ, ಅಷ್ಟೇ.

ಮ್ಯಾಟ್ರಿಕ್ ಅಲ್ಲ, ಕೆಲಸವಲ್ಲ, ಅವ್ವ ಮತ್ತು ನಾನು ನಿನಗೆ ಕೊಡಿಸಿದ್ದು ಹೇಸಿಗೆ. ನಮ್ಮ ಮನೆಯಲ್ಲಿ ಅದು ನಿನ್ನೊಬ್ಬನ ಹತ್ತಿರವೇ ಇದೆ. ಅದು ಹೋದರೆ ನಾನು ಆ ದಿನ ನಿನ್ನ ಉಗುಳು ನೋಡಿ ಸುಮ್ಮನೆ ನಡೆದದ್ದು ಯಾತಕ್ಕೆ?

ಕೈ ನಿನ್ನದು. ನನ್ನ ಮಾಡಿನ ಚಿಂತೆ ಬಿಡು. ಸೋರುವ ಜಾಗ ನನಗೆ ಗೊತ್ತು, ಅಲ್ಲಿ ಮಲಗುವುದಿಲ್ಲ.

ಇಂದ್ರವ್ವ


ಬಾಗಲಕೋಟೆ
13-3-1980

ಅಕ್ಕಾ,

ಇವತ್ತು ಬೆಳಗ್ಗೆ ಆರ್ಡರನ್ನು ಮನೆಯಲ್ಲಿ ಸಾಹೇಬರ ಟೇಬಲ್ಲಿನ ಮೇಲೆ ಇಟ್ಟೆ. ಅದರ ಜೊತೆಗೆ ನಾನೇ ಬರೆದ ಅರ್ಜಿ. ಜವಾನನಾಗಿ ಸೇರಿದ್ದೇನೆ, ಜವಾನನ ಜಾಗ ಕೊಟ್ಟರೆ ಸಹಿ ಮಾಡುತ್ತೇನೆ, ಈ ಕೆಲಸ ನನ್ನಿಂದಾಗುವುದಿಲ್ಲ. ಇಷ್ಟೇ ಬರೆದಿದ್ದೆ. ಕಾರಣ ಎಂಬ ಕಡೆ "ಹೇಸಿಗೆಯಾಗುತ್ತದೆ" ಎಂದು ಬರೆದೆ. ಲಕ್ಷ್ಮಪ್ಪನವರು ಆ ಪದ ತೆಗೆ ಎಂದಿದ್ದರು. ತೆಗೆಯಲಿಲ್ಲ.

ಸಾಹೇಬರು ಓದಿ ಕನ್ನಡಕ ತೆಗೆದರು. "ಹುಚ್ಚಿದ್ದೀ ಏನು? ಖಾಯಂ ಒಲ್ಲೆ ಅನ್ನಾಂವನ್ನ ನಾ ಇವತ್ತ ನೋಡಿದೆ. ಏಳು ತಿಂಗಳು ಹೇಸಿಗಿ ಆಗಲಿಲ್ಲೇನು?"

"ದಿನಾ ಆಗತಿತ್ರಿ. ಈಗೀಗ ಆಗವಲ್ದು. ಅದಕ್ಕ ಬಿಡ್ತೇನ್ರಿ," ಎಂದೆ.

ಅವರಿಗೆ ತಿಳಿಯಲಿಲ್ಲ. ಬಾಯಾರು ಒಳಗಿನಿಂದ ಬಂದರು. ಅವರ ಮೊದಲ ಮಾತು, "ಹಂಗಾರ ರೂಬೀದು ಯಾರು ತಗೀಬೇಕು?"

ಅದಕ್ಕೂ ತಯಾರಾಗಿ ಹೋಗಿದ್ದೆ. ನೀನು ಮಾಬುಬಿಗೆಂದು ಬರೆದಿದ್ದನ್ನೆಲ್ಲ ದೊಡ್ಡ ಅಕ್ಷರಗಳಲ್ಲಿ ಬರೆದು ಬಚ್ಚಲಿನ ಗೋಡೆಗೆ ಅಂಟಿಸಿದೆ. ತಳಕ್ಕೆ ಎರಡು ಬೆರಳು ಕುಳ್ಳಿನ ಬೂದಿ. ಆರಿದ ಮೇಲೆ ತೆಗೆಯಬೇಕು. ಒಂದು ಬೊಗಸೆ ಹಳೆಯ ಮರಳು. ಯಾವುದನ್ನೂ ಬಿಡಲಿಲ್ಲ. ಅಷ್ಟರಲ್ಲಿ ರೂಬಿ ತನ್ನ ಹೊತ್ತಿಗೆ ಸರಿಯಾಗಿ ಬಂದು ಡಬ್ಬಿಯಲ್ಲಿ ಕೂತು ಎದ್ದು, ನನ್ನ ಮುಂದೆ ಬಿಸ್ಕೀಟಿಗೆ ನಿಂತಿತು. ಕೊಟ್ಟೆ. ಡಬ್ಬಿ ಮುಟ್ಟಲಿಲ್ಲ.

ಮೂವರೂ ಬಚ್ಚಲಿನ ಬಾಗಿಲಲ್ಲಿ ನಿಂತು ಡಬ್ಬಿ ನೋಡಿದೆವು. ಬಾಯಾರು, "ಮಾಬುಬೀ!" ಎಂದು ಕರೆದರು. ಅಡುಗೆಮನೆಯಿಂದ ಗಂಗಾಳಗಳ ಸದ್ದು ಇನ್ನಷ್ಟು ಜೋರಾಯಿತು, ಮಾಬುಬಿ ಬರಲಿಲ್ಲ. ಕೊನೆಗೆ ಬಾಯಾರೇ ಸೆರಗು ಮೂಗಿಗೆ ಸುತ್ತಿ ಡಬ್ಬಿ ಎತ್ತಿದರು. ಹಸಿಯಾಗಿದ್ದಾಗಲೇ ಎತ್ತಿದರು, ಗೋಡೆಯ ಮೇಲಿನದನ್ನು ಓದಿರಲಿಲ್ಲ. ಎರಡು ಹೆಜ್ಜೆ ಇಟ್ಟು, ಡಬ್ಬಿ ಇಳಿಸಿ, ಗೋಡೆ ಹಿಡಿದು ಓಕರಿಸಿದರು. ಕಣ್ಣಲ್ಲಿ ನೀರು ಬಂತು.

ನಗು ಬರುತ್ತದೆ ಎಂದು ತಿಳಿದಿದ್ದೆ. ಬರಲಿಲ್ಲ. "ಬಾಯಾಗ ಎಲಿ ತಂಬಾಕ ಹಾಕ್ಕೊಂಡು ಎತ್ರಿ ಬಾಯಾರ. ಮೂಗು ಅರ್ಧ ಸಾಯ್ತೈತಿ. ನಮ್ಮ ಅವ್ವ ಹಂಗ ಮಾಡತಿದ್ಲು," ಎಂದು ಹೇಳಿ ಮೆಟ್ಟಿಲಿಳಿದೆ. ಮಾಬುಬಿ ಕಿಟಕಿಯಿಂದ ಕೈ ಎತ್ತಿದಳು. ಕೈಯೆಲ್ಲ ಬೂದಿ ಇತ್ತು, ಭಾಂಡಿ ತಿಕ್ಕುವ ಬೂದಿ.

ದಿನಗೂಲಿಯೂ ಶನಿವಾರಕ್ಕೆ ಮುಗಿಯುತ್ತದೆ. ಮುಂದೆ ಏನು ಎಂಬುದು ಗೊತ್ತಿಲ್ಲ. ಹುನಗುಂದದ ಕೋರ್ಟಿನಲ್ಲಿ ಅರ್ಜಿ ಬರೆಯುವವರ ಹತ್ತಿರ ಬರೆಯುವ ಕೆಲಸ ಸಿಗಬಹುದು ಎಂದು ಲಕ್ಷ್ಮಪ್ಪನವರು ಚೀಟಿ ಕೊಟ್ಟಿದ್ದಾರೆ. ಸಿಗದೆಯೂ ಇರಬಹುದು.

ಶಾಲೆಯ ಗೇಟಿನದು ನನಗೆ ನೆನಪಿದೆ. ನಿನಗೆ ಕಾಣಲಿಲ್ಲ ಎಂದು ಇಷ್ಟು ವರ್ಷ ಅಂದುಕೊಂಡು ಬದುಕಿದೆ. ಏಳು ತಿಂಗಳು ಡಬ್ಬಿ ಎತ್ತಿದಾಗಲೆಲ್ಲ ಅದೇ ಕಣ್ಣ ಮುಂದೆ ಬರುತ್ತಿತ್ತು. ಹೇಸಿಗೆ ಪಡಬೇಕಾದದ್ದು ಆ ಬುಟ್ಟಿಯನ್ನು ಕಂಡು, ಅದನ್ನು ಹೊರಿಸಿದವರನ್ನು ಕಂಡು. ನಾನು ನಿನ್ನ ಕೈ ಕಂಡು ಪಟ್ಟೆ.

ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಕಮತಗಿ, ಹುನಗುಂದ ದಾಟಿ ಊಟದ ಹೊತ್ತಿಗೆ ಇಳಕಲ್ಲ. ಮರುದಿನ ಯುಗಾದಿ. ಬಿಸಿ ರೊಟ್ಟಿ ಬಡಿ, ಪುಂಡಿಪಲ್ಯ ಮಾಡು. ಕಟ್ಟೆಗೆ ಹೋಗಿ ಕೂಡಬೇಡ, ಒಲೆಯ ಮುಂದೆಯೇ ಇರು.

ರೊಟ್ಟಿಯನ್ನು ತಾಟಿನಲ್ಲಿ ಇಡಬೇಡ. ಕೈಗೆ ಕೊಡು.

ನಿನ್ನ ತಮ್ಮ
ದುರಗಪ್ಪ